ಸದನದೊಳಗಿನ ಹೊರಗಿನವ

ಬರ್ನಿ ಸ್ಯಾಂಡರ್ಸ್ ಅವರ ಆತ್ಮಕಥನ ‘ಔಟ್‌ಸೈಡರ್ ಇನ್ ದ ಹೌಸ್’ ಮೊದಲು ಪ್ರಕಟವಾದದ್ದು 1997ರಲ್ಲಿ. ಆಗ ಅವರು ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ವರ್ಮಾಂಟ್ ರಾಜ್ಯದ ಏಕೈಕ ಪ್ರತಿನಿಧಿ. 2015ರಲ್ಲಿ ಅಧ್ಯಕ್ಷ ಪದವಿಗೆ ಉಮೇದುವಾರರಾದಾಗ ಅದೇ ಪುಸ್ತಕ ಹೊಸ ಹಿನ್ನುಡಿಯೊಂದಿಗೆ ‘ಔಟ್‌ಸೈಡರ್ ಇನ್ ದ ವೈಟ್ ಹೌಸ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಶೀರ್ಷಿಕೆಗೆ ಒಂದೇ ಒಂದು ಪದ ಸೇರಿತು, ಒಳಗಿನ ಕಥೆ ಇದ್ದ ಹಾಗೆಯೇ ಇತ್ತು. ಅವರು ಆ ಬಿಳಿಯ ಮನೆಗೆ ಹೋಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಇಂಗ್ಲಿಷಿನ ‘ಹೌಸ್’ ಎಂದರೆ ಮನೆಯೂ ಹೌದು, ಶಾಸನಸಭೆಯೂ ಹೌದು. ಈ ಶ್ಲೇಷೆ ಕನ್ನಡಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ. ಆಮೇಲೆ ನಮ್ಮ ‘ಸದನ’ ನೆನಪಾಯಿತು. ಮನೆಯ ಗೇಟಿನ ಮೇಲೆ ‘ಶಾಂತಿ ಸದನ’ ಎಂದು ಬರೆಸುತ್ತೇವೆ. ಶಾಸಕರು ‘ಸದನದ ಬಾವಿ’ಗೆ ಇಳಿದು ಧರಣಿ ಕೂತರು ಎಂದು ಮರುದಿನ ಪತ್ರಿಕೆಯಲ್ಲಿ ಓದುತ್ತೇವೆ. ಮನೆ ಮತ್ತು ಶಾಸನಸಭೆ ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡಿರುವ ಭಾಷೆಯಲ್ಲಿ ನಿಂತು ಈ ಪುಸ್ತಕವನ್ನು ಓದಿದರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಂದು ಸಣ್ಣ ಊರನ್ನು ಮನೆಯ ಹಾಗೆ ನೋಡಿಕೊಂಡ ಮನುಷ್ಯ ದೇಶದ ಸದನಕ್ಕೆ ಹೋದಾಗ ಅವನ ಮಾತಿಗೆ ಏನಾಗುತ್ತದೆ?

ನಾನು ಈ ಪುಸ್ತಕವನ್ನು ಎರಡು ಬಾರಿ ಓದಿದ್ದೇನೆ. ಮೊದಲ ಸಲ ಮುಗಿಸಿದಾಗ ನಿರಾಸೆಯಾಗಿತ್ತು. ಇದು ಚುನಾವಣಾ ಕರಪತ್ರವೇ ಹೊರತು ಆತ್ಮಕಥೆಯಲ್ಲ ಅನ್ನಿಸಿತ್ತು. ಎರಡನೆಯ ಸಲ ಓದಿದಾಗ ಆ ತೀರ್ಪು ಅರ್ಧ ಮಾತ್ರ ಸರಿ ಎಂದು ಗೊತ್ತಾಯಿತು. ಈ ಬರಹ ಉಳಿದ ಅರ್ಧದ ಬಗ್ಗೆ.

ಮೊದಲು ಕಥೆಯನ್ನು ಸ್ಥೂಲವಾಗಿ ಹೇಳುತ್ತೇನೆ. ಸ್ಯಾಂಡರ್ಸ್ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಪೋಲೆಂಡಿನಿಂದ ಬಂದ ಯಹೂದಿ ವಲಸಿಗ, ಬಣ್ಣದ ಕಂಪನಿಯೊಂದರ ಸೇಲ್ಸ್‌ಮನ್. ಬಾಡಿಗೆಯ ಪುಟ್ಟ ಮನೆ, ದುಡ್ಡಿನ ವಿಷಯಕ್ಕೆ ಮತ್ತೆ ಮತ್ತೆ ಏಳುತ್ತಿದ್ದ ಜಗಳ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುವಾಗ ಕರಿಯರ ಹಕ್ಕುಗಳ ಚಳವಳಿಗೆ ಸೇರಿ 1963ರಲ್ಲಿ ಬಂಧನಕ್ಕೊಳಗಾದರು. ಅರವತ್ತರ ದಶಕದ ಕೊನೆಗೆ ವರ್ಮಾಂಟಿಗೆ ಬಂದು ನೆಲೆಸಿದರು. 1972ರಿಂದ 1976ರವರೆಗೆ ಲಿಬರ್ಟಿ ಯೂನಿಯನ್ ಎಂಬ ಪುಟ್ಟ ಪಕ್ಷದಿಂದ ಸೆನೆಟ್‌ಗೆ ಎರಡು ಸಲ, ರಾಜ್ಯಪಾಲ ಹುದ್ದೆಗೆ ಎರಡು ಸಲ ನಿಂತು ನಾಲ್ಕು ಸಲವೂ ಸೋತರು. ಇವುಗಳಲ್ಲಿ ಅವರ ಅತ್ಯುತ್ತಮ ಸಾಧನೆ ಶೇಕಡಾ 6ರಷ್ಟು ಮತ.

ಆಮೇಲೆ ಅವರು ರಾಜಕೀಯ ಬಿಟ್ಟು ಶಾಲೆಗಳಿಗಾಗಿ ಇತಿಹಾಸದ ದೃಶ್ಯಪಾಠಗಳನ್ನು ತಯಾರಿಸಿ ಮಾರತೊಡಗಿದರು. 1979ರಲ್ಲಿ ಯೂಜಿನ್ ಡೆಬ್ಸ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಡೆಬ್ಸ್ ಅಮೆರಿಕದ ಸಮಾಜವಾದಿ ಪಕ್ಷದ ನಾಯಕ. ಅಧ್ಯಕ್ಷ ಪದವಿಗೆ ಐದು ಬಾರಿ ನಿಂತವರು, 1920ರಲ್ಲಿ ಜೈಲಿನಿಂದಲೇ ನಿಂತು 9 ಲಕ್ಷಕ್ಕೂ ಹೆಚ್ಚು ಮತ ಪಡೆದವರು. ಅವರ ಸಾರ್ವಜನಿಕ ಬದುಕು ಶುರುವಾದದ್ದು ಇಂಡಿಯಾನಾ ರಾಜ್ಯದ ಟೆರ್ರೆ ಹೋಟ್ ಎಂಬ ಊರಿನ ಪುರಸಭೆಯ ಗುಮಾಸ್ತಿಕೆಯಿಂದ. ಈ ಚಿತ್ರದಲ್ಲಿ ಡೆಬ್ಸ್ ಭಾಷಣಗಳನ್ನು ಓದಿದ ದನಿ ಸ್ಯಾಂಡರ್ಸ್ ಅವರದೇ. ಇಂಡಿಯಾನಾದ ಮನುಷ್ಯ ಬ್ರೂಕ್ಲಿನ್ನಿನ ಉಚ್ಚಾರಣೆಯಲ್ಲಿ ಮಾತಾಡುತ್ತಾನೆ. ಕೇಳುವವರಿಗೆ ತಮಾಷೆಯಾಗಿರಬಹುದು. ನನಗೆ ಮಾತ್ರ ಆ ಇಡೀ ಬದುಕಿನ ಕೀಲಿಕೈ ಅಲ್ಲಿ ಸಿಕ್ಕಂತಾಯಿತು. ತನ್ನ ಮಾತನ್ನು ಹೇಳಲು ಇನ್ನೊಬ್ಬನ ಮಾತನ್ನು ತೊಟ್ಟುಕೊಂಡ ಮನುಷ್ಯ ಇವರು. ಮುಂದೆ ಬರೆದ ಆತ್ಮಕಥೆಯಲ್ಲಿ ‘ನಾನು’ ಅಷ್ಟು ತೆಳುವಾಗಿರುವುದಕ್ಕೆ ಬಹುಶಃ ಇದೇ ಕಾರಣ.

1981ರ ಮಾರ್ಚ್ 3ರಂದು ಸ್ಯಾಂಡರ್ಸ್ ಬರ್ಲಿಂಗ್ಟನ್ ನಗರದ ಮೇಯರ್ ಆಗಿ ಆಯ್ಕೆಯಾದರು. ಹತ್ತು ವರ್ಷಗಳಿಂದ ಕುರ್ಚಿಯಲ್ಲಿದ್ದ ಗಾರ್ಡನ್ ಪಾಕೆಟ್ ಸೋತರು. ಮರುಎಣಿಕೆಯ ನಂತರ ಉಳಿದ ಅಂತರ 10 ಮತ. ಸೋತ ಹಳೆಯ ಚುನಾವಣೆಗಳ ಅಂಕಿಗಳನ್ನು ಬಿಡಿಸಿ, ಈ ಊರಿನ ಕೂಲಿಕಾರರ ವಾರ್ಡುಗಳಲ್ಲಿ ನಿನಗೆ ಒಳ್ಳೆಯ ಮತ ಬಂದಿದೆಯಲ್ಲ ಎಂದು ತೋರಿಸಿಕೊಟ್ಟವರು ಗೆಳೆಯ ರಿಚರ್ಡ್ ಶುಗರ್‌ಮನ್, ತತ್ವಶಾಸ್ತ್ರದ ಮೇಷ್ಟ್ರು. ಬಾಡಿಗೆದಾರರು, ಸರ್ಕಾರಿ ವಸತಿಗೃಹಗಳ ನಿವಾಸಿಗಳು, ವಿದ್ಯಾರ್ಥಿಗಳು ಜೊತೆಗೆ ಬಂದರು. ಪೊಲೀಸರ ಸಂಘವೂ ಬೆಂಬಲಿಸಿತು.

ಬರ್ಲಿಂಗ್ಟನ್ ವರ್ಮಾಂಟಿನ ಅತಿ ದೊಡ್ಡ ನಗರ. ಆಗಿನ ಜನಸಂಖ್ಯೆ ಸುಮಾರು 38 ಸಾವಿರ. ನಮ್ಮಲ್ಲಾಗಿದ್ದರೆ ಅದು ಪುರಸಭೆ, ನಗರಸಭೆ ಕೂಡ ಅಲ್ಲ. ಸ್ಯಾಂಡರ್ಸ್ ಅವರನ್ನು ನಾವು ಕರೆಯುತ್ತಿದ್ದುದು ಪುರಸಭಾಧ್ಯಕ್ಷರು ಎಂದು. ಈ ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಪುಸ್ತಕದ ಅತ್ಯುತ್ತಮ ಅಧ್ಯಾಯ ಸರಿಯಾಗಿ ಕಾಣುತ್ತದೆ. ಅದರ ಹೆಸರನ್ನು ಕನ್ನಡದಲ್ಲಿ ‘ಒಂದೇ ನಗರದಲ್ಲಿ ಸಮಾಜವಾದ’ ಎನ್ನಬಹುದು. ‘ಒಂದೇ ದೇಶದಲ್ಲಿ ಸಮಾಜವಾದ’ ಎಂಬ ಸ್ಟಾಲಿನ್ ಕಾಲದ ಘೋಷಣೆಯನ್ನು ಪುರಸಭೆಯ ಮಟ್ಟಕ್ಕೆ ಇಳಿಸಿ ತನ್ನನ್ನೇ ಗೇಲಿ ಮಾಡಿಕೊಳ್ಳುವ ಹೆಸರು ಅದು. ತನ್ನ ಬಗ್ಗೆ ತಾನೇ ನಕ್ಕ ಕ್ಷಣಗಳು ಈ ಪುಸ್ತಕದಲ್ಲಿ ಕಡಿಮೆ, ಹಾಗಾಗಿ ಇದಕ್ಕೆ ಬೆಲೆ ಹೆಚ್ಚು.

ಆ ಅಧ್ಯಾಯದಲ್ಲಿ ವಸ್ತುಗಳಿವೆ. ಹಿಮ ತೆಗೆಯುವ ಗಾಡಿಗಳಿವೆ, ರಸ್ತೆ ರಿಪೇರಿ ಇದೆ, ಊರಿಗೆ ಬಂದ ಬೇಸ್‌ಬಾಲ್ ತಂಡವಿದೆ. 13 ಜನರ ನಗರ ಮಂಡಳಿಯಲ್ಲಿ ಹೊಸ ಮೇಯರ್ ಕಡೆಯವರು ಇಬ್ಬರೇ. ಉಳಿದವರು ಅವರು ಸೂಚಿಸಿದ ಅಧಿಕಾರಿಗಳ ನೇಮಕವನ್ನೇ ಒಪ್ಪಲಿಲ್ಲ. ಹಿಂದಿನ ಮೇಯರ್ ನೇಮಿಸಿದ್ದವರನ್ನೇ ಇಟ್ಟುಕೊಂಡು ಮೊದಲ ವರ್ಷ ಆಡಳಿತ ನಡೆಸಬೇಕಾಯಿತು. ನಗರದ ವಿಮೆಯ ಗುತ್ತಿಗೆ ಟೆಂಡರ್ ಇಲ್ಲದೆ ಪರಿಚಯದವರಿಗೆ ಹೋಗುತ್ತಿತ್ತು. ಟೆಂಡರ್ ಕರೆದಾಗ ಹಣ ಉಳಿಯಿತು. ಸಮಾಜವಾದಿ ಮೇಯರ್ ಮಾಡಿದ ಮೊದಲ ಕ್ರಾಂತಿ ಎಂದರೆ ವ್ಯಾಪಾರಿಯ ಹಾಗೆ ಮೂರು ಅಂಗಡಿಯಲ್ಲಿ ಬೆಲೆ ವಿಚಾರಿಸಿದ್ದು! ಈ ವಿಪರ್ಯಾಸವನ್ನು ಸ್ಯಾಂಡರ್ಸ್ ಬಣ್ಣ ಕಟ್ಟಿ ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ ಅದು ಓದುಗನಿಗೆ ತಟ್ಟುತ್ತದೆ.

ಪುಸ್ತಕದ ಚೌಕಟ್ಟು 1996ರ ಚುನಾವಣೆ. ಆ ಪ್ರಚಾರದ ದಿನಗಳ ನಡುನಡುವೆ ಹಳೆಯ ಬದುಕು ಬಂದು ಹೋಗುತ್ತದೆ. ಹೀಗಾಗಿ ಊರಿನ ಗದ್ಯ ಮತ್ತು ರಾಜಧಾನಿಯ ಗದ್ಯ ಪಕ್ಕಪಕ್ಕದಲ್ಲೇ ನಿಲ್ಲುತ್ತವೆ, ಹೋಲಿಸಿ ನೋಡುವುದು ಸುಲಭ. ವಾಷಿಂಗ್ಟನ್ ಬಂದ ಕೂಡಲೇ ಗಾಡಿಗಳು ಹೋಗಿ ಶೇಕಡಾವಾರುಗಳು ಬರುತ್ತವೆ. ಎದುರಾಳಿಗೆ ಮುಖವಿರುವುದಿಲ್ಲ, ಅವನು ‘ಶ್ರೀಮಂತ ವರ್ಗ’ವಾಗುತ್ತಾನೆ. ಬರ್ಲಿಂಗ್ಟನ್ನಿನಲ್ಲಿ ಎದುರಾಳಿಗೆ ಹೆಸರಿತ್ತು. ಅವನು ಸಂಜೆ ಅದೇ ಬೀದಿಯಲ್ಲಿ ಸಿಗುತ್ತಿದ್ದ, ಅವನ ಮನೆಯ ಮುಂದಿನ ಹಿಮವನ್ನೂ ಅದೇ ಗಾಡಿ ತೆಗೆಯಬೇಕಿತ್ತು. ಸಹ ಲೇಖಕ ಹಕ್ ಗಟ್‌ಮನ್ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು, ಮುಂದೆ ಸೆನೆಟ್‌ನಲ್ಲಿ ಸ್ಯಾಂಡರ್ಸ್ ಕಚೇರಿಯ ಮುಖ್ಯಸ್ಥರೂ ಆದರು. ಅಂಥವರ ಕೈ ಇದ್ದೂ ಗದ್ಯ ಇಲ್ಲಿ ಒಣಗುತ್ತದೆ. ಹಾಗಾಗಿ ತಪ್ಪು ಬರೆಯಲು ಬಾರದ್ದರಲ್ಲಿ ಇಲ್ಲ ಎಂದುಕೊಂಡೆ. ನೋಡುವ ದೂರವೇ ಬದಲಾಗಿದೆ.

ಆದರೆ ಊರಿನ ಕಥೆಯೂ ಅಷ್ಟು ಸರಳವಲ್ಲ. ಬರ್ಲಿಂಗ್ಟನ್ನಿನ ಇತಿಹಾಸದಲ್ಲಿ ಎರಡು ಪ್ರಸಂಗಗಳಿವೆ. ಒಬ್ಬ ಕಾದಂಬರಿಕಾರ ಅಲ್ಲಿಯೇ ನಿಂತುಬಿಡುತ್ತಿದ್ದ.

ಒಂದು, 1983ರದು. ಊರಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯೊಂದಿತ್ತು, ಅಲ್ಲಿ ಗ್ಯಾಟ್ಲಿಂಗ್ ಬಂದೂಕು ತಯಾರಾಗುತ್ತಿತ್ತು. ಮಧ್ಯ ಅಮೆರಿಕದ ಯುದ್ಧಗಳನ್ನು ವಿರೋಧಿಸುತ್ತಿದ್ದ ಶಾಂತಿ ಚಳವಳಿಗಾರರು ಕಾರ್ಖಾನೆಯ ಗೇಟಿಗೆ ಅಡ್ಡ ಕೂತರು. ಅವರು ಸ್ಯಾಂಡರ್ಸ್ ಅವರ ಸ್ವಂತ ಜನ. ಒಳಗೆ ದುಡಿಯುತ್ತಿದ್ದ ಯೂನಿಯನ್ ಕಾರ್ಮಿಕರೂ ಸ್ವಂತ ಜನವೇ. ಮೇಯರ್ ಕಾರ್ಮಿಕರ ಪಕ್ಷ ವಹಿಸಿದರು. ಚಳವಳಿಗಾರರನ್ನು ಬಂಧಿಸಲಾಯಿತು. ಇಪ್ಪತ್ತು ವರ್ಷಗಳ ಹಿಂದೆ ತಾವೇ ಬಂಧನಕ್ಕೊಳಗಾದವರು ಈಗ ಬಂಧನದ ಇನ್ನೊಂದು ಬದಿಯಲ್ಲಿ ನಿಂತಿದ್ದರು. ಮುಂದೆ ಸೆನೆಟರ್ ಆಗಿ ಬರ್ಲಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಎಫ್-35 ಯುದ್ಧವಿಮಾನಗಳನ್ನು ಇರಿಸುವುದಕ್ಕೆ ಬೆಂಬಲ ಕೊಟ್ಟಾಗಲೂ ಇದೇ ಬಿಕ್ಕಟ್ಟು ಮರಳಿತು. 2019ರಲ್ಲಿ ವಿಮಾನಗಳು ಬಂದವು. ಸದ್ದನ್ನು ವಿರೋಧಿಸಿದವರಲ್ಲಿ ಅವರಿಗೇ ಮತ ಹಾಕುತ್ತ ಬಂದವರಿದ್ದರು.

ಇನ್ನೊಂದು, ಶಾಂಪ್ಲೇನ್ ಸರೋವರದ ದಂಡೆಯದು. ಈ ಊರು ಮಾರಾಟಕ್ಕಿಲ್ಲ ಎಂಬ ಅರ್ಥದ ಘೋಷಣೆ ಕೂಗಿ ಗೆದ್ದ ಮೇಯರ್ ನಾಲ್ಕು ವರ್ಷಗಳ ನಂತರ ಅದೇ ದಂಡೆಯಲ್ಲಿ ಖಾಸಗಿ ಕಂಪನಿಯೊಂದರ ದೊಡ್ಡ ಯೋಜನೆಯನ್ನು ಬೆಂಬಲಿಸಿದರು. ಅದಕ್ಕೆ ಬೇಕಾದ ಸಾಲಪತ್ರಕ್ಕೆ 1985ರಲ್ಲಿ ಮತದಾನ ನಡೆಯಿತು. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರು, ಆದರೆ ನಿಯಮದ ಪ್ರಕಾರ ಬೇಕಾಗಿದ್ದದ್ದು ಮೂರನೇ ಎರಡು ಭಾಗ. ಯೋಜನೆ ಬಿತ್ತು. ದಂಡೆ ಸಾರ್ವಜನಿಕರ ಸ್ವತ್ತು ಎಂಬ ತತ್ವವನ್ನು ರಾಜ್ಯದ ಸುಪ್ರೀಂ ಕೋರ್ಟು 1989ರಲ್ಲಿ ಎತ್ತಿಹಿಡಿಯಿತು. ಇವತ್ತು ಅಲ್ಲಿ ಉದ್ಯಾನವಿದೆ, ಸೈಕಲ್ ದಾರಿಯಿದೆ, ದೋಣಿಮನೆಯಿದೆ. ಅಂದರೆ ಇವತ್ತು ಸ್ಯಾಂಡರ್ಸ್ ಅವರ ಕೊಡುಗೆ ಎಂದು ಹೊಗಳಿಸಿಕೊಳ್ಳುವ ದಂಡೆಯಲ್ಲಿ, ಅವರ ಯೋಜನೆಯನ್ನು ಸೋಲಿಸಿದವರ ಪಾಲೂ ಇದೆ.

ಈ ಎರಡು ಪ್ರಸಂಗಗಳನ್ನು ನಾನು ತಪ್ಪು ಹುಡುಕಲು ಎತ್ತುತ್ತಿಲ್ಲ. ರಾಜಕಾರಣಿಯ ಒಳಬದುಕು ಎಂಬುದೇನಾದರೂ ಇದ್ದರೆ ಅದು ಇಂಥ ರಾತ್ರಿಗಳಲ್ಲಿ ಇರುತ್ತದೆ. ಇಲ್ಲಿ ಕನ್ನಡದ ಓದುಗನಿಗೆ ಅನಂತಮೂರ್ತಿಯವರ ‘ಅವಸ್ಥೆ’ ನೆನಪಾಗದೆ ಇರದು. 1978ರ ಆ ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಶಾಂತವೇರಿ ಗೋಪಾಲಗೌಡರ ನೆರಳಿದೆ ಎಂದು ಎಲ್ಲರೂ ಗುರುತಿಸಿದ್ದಾರೆ. ಗೋಪಾಲಗೌಡರೂ ಸಮಾಜವಾದಿ. ಕಾಗೋಡಿನ ಗೇಣಿದಾರರ ಹೋರಾಟದಿಂದ ಬಂದು 1952ರಲ್ಲಿ ಶಾಸನಸಭೆ ಹೊಕ್ಕವರು. ಕಾದಂಬರಿಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ ನಾಯಕ ತನ್ನ ಬದುಕನ್ನು ಹಿಂತಿರುಗಿ ನೋಡುತ್ತಾನೆ. ಅಧಿಕಾರದ ಹತ್ತಿರ ಹೋಗುತ್ತ ತಾನು ಏನಾದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಸ್ಯಾಂಡರ್ಸ್ ಪುಸ್ತಕದಲ್ಲಿ ಇಲ್ಲದಿರುವುದು ಆ ಪ್ರಶ್ನೆ. ದೇಶಕ್ಕೆ ಏನಾಯಿತು ಎಂದು ಅವರು ಪುಟಪುಟಕ್ಕೂ ಕೇಳುತ್ತಾರೆ. ತನಗೇನಾಯಿತು ಎಂದು ಕೇಳಿಕೊಳ್ಳಲು ನಿಲ್ಲುವುದು ಅಪರೂಪ.

ಮೊದಲ ಓದಿನಲ್ಲಿ ನಾನು ಇಲ್ಲಿಗೇ ಪುಸ್ತಕ ಮುಚ್ಚಿದ್ದೆ. ಅಂತರಂಗವಿಲ್ಲದ ಆತ್ಮಕಥೆ, ಮುಗಿಯಿತು ಎಂದು. ನವ್ಯದ ನೆರಳಲ್ಲಿ ಓದು ಕಲಿತ ನನ್ನಂಥವರಿಗೆ ಅಂತರಂಗದ ತೊಳಲಾಟವೇ ಸಾಹಿತ್ಯದ ಪುರಾವೆ. ತೊಳಲಾಡದವನು ಒಂದೋ ಢೋಂಗಿ, ಇಲ್ಲವೇ ದಡ್ಡ. ಈ ನಂಬಿಕೆಯನ್ನು ಅಲುಗಿಸಿದ್ದು ಬರ್ಲಿಂಗ್ಟನ್ನಿನ ಇನ್ನೊಂದು ಕೆಲಸ.

1984ರಲ್ಲಿ ಸ್ಯಾಂಡರ್ಸ್ ಆಡಳಿತದ ನೆರವಿನಿಂದ ಬರ್ಲಿಂಗ್ಟನ್ ಸಮುದಾಯ ಭೂ ಟ್ರಸ್ಟ್ ಶುರುವಾಯಿತು. ಅದರ ಲೆಕ್ಕ ಸರಳ. ನೆಲ ಟ್ರಸ್ಟಿನದು, ಅದು ಮಾರಾಟಕ್ಕಿಲ್ಲ. ಕುಟುಂಬ ಕೊಳ್ಳುವುದು ನೆಲದ ಮೇಲಿನ ಮನೆಯನ್ನು ಮಾತ್ರ. ಹಾಗಾಗಿ ಬೆಲೆ ಕೈಗೆಟುಕುತ್ತದೆ. ಮಾರುವಾಗ ಏರಿದ ಬೆಲೆಯಲ್ಲಿ ಮಾರುವವರಿಗೆ ಒಂದು ಪಾಲು ಸಿಗುತ್ತದೆ, ಉಳಿದದ್ದು ಮನೆಯಲ್ಲೇ ಉಳಿದು ಮುಂದೆ ಕೊಳ್ಳುವವರಿಗೂ ಕಡಿಮೆ ಬೆಲೆಯಾಗುತ್ತದೆ. ಈಗ ಶಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಎಂಬ ಹೆಸರಿನಲ್ಲಿರುವ ಈ ಸಂಸ್ಥೆಗೆ 2008ರಲ್ಲಿ ವಿಶ್ವ ಆವಾಸ ಪ್ರಶಸ್ತಿ ಬಂತು.

ಈ ಕಲ್ಪನೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟ್ ಹುಟ್ಟಿದ್ದು 1969ರಲ್ಲಿ, ಜಾರ್ಜಿಯಾ ರಾಜ್ಯದ ಕರಿಯ ರೈತರ ನಡುವೆ. ಆ ವಿಚಾರವನ್ನು ರೂಪಿಸಿದವರಲ್ಲಿ ರಾಲ್ಫ್ ಬೋರ್ಸೋಡಿ, ಬಾಬ್ ಸ್ವಾನ್ ಪ್ರಮುಖರು. ಅವರಿಗೆ ಸ್ಫೂರ್ತಿ ಕೊಟ್ಟ ಮೂಲಗಳಲ್ಲಿ ಒಂದು ವಿನೋಬಾ ಭಾವೆಯವರ ಗ್ರಾಮದಾನ. ಭೂದಾನದಲ್ಲಿ ಹಂಚಿದ ನೆಲ ಮತ್ತೆ ಕೈತಪ್ಪಿ ಹೋಗಬಹುದು, ಅದಕ್ಕೆ ನೆಲವನ್ನು ಊರಿನ ಹೆಸರಿನಲ್ಲೇ ಇಡಬೇಕು ಎಂಬುದು ಗ್ರಾಮದಾನದ ಒಳತಿರುಳು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪಕ್ಕದ ಇಲವಾಲದಲ್ಲಿ ಗ್ರಾಮದಾನದ ಸಮ್ಮೇಳನ ನಡೆದಾಗ ನೆಹರೂ ಕೂಡ ಬಂದಿದ್ದರು. ನಮ್ಮಲ್ಲಿ ಗ್ರಾಮದಾನ ಇವತ್ತು ಪಠ್ಯಪುಸ್ತಕದ ಒಂದು ಸಾಲು. ಇಲವಾಲದ ಸುತ್ತ ಈಗ ಸೈಟುಗಳ ಬೋರ್ಡು. ಅದೇ ವಿಚಾರ ಜಾರ್ಜಿಯಾದ ಹೊಲಗಳ ದಾರಿ ಹಿಡಿದು ಹಿಮ ಬೀಳುವ ಒಂದು ಪುರಸಭೆಗೆ ತಲುಪಿ, ಅಲ್ಲಿ ಕಾನೂನಿನ ಮೈ ಪಡೆದು ಬದುಕಿದೆ.

ಇದನ್ನು ತಿಳಿದ ಮೇಲೆ ಮತ್ತೆ ಪುಸ್ತಕಕ್ಕೆ ಹೋದೆ. ತನ್ನ ಬಗ್ಗೆ ಮಾತಾಡದೆ ಇರುವುದು ಅಂತರಂಗ ಇಲ್ಲದ್ದರ ಗುರುತೇ ಆಗಬೇಕಿಲ್ಲ ಅನ್ನಿಸಿತು. ಕೆಲವರ ಒಳಬದುಕು ಡೈರಿಯಲ್ಲಿ ಸಿಗುತ್ತದೆ, ಕೆಲವರದು ಟ್ರಸ್ಟ್ ಡೀಡಿನಲ್ಲಿ. ಎರಡನೆಯ ಬಗೆಯವರನ್ನು ಓದಲು ನಮ್ಮ ವಿಮರ್ಶೆ ಹೆಚ್ಚು ಕಲಿತಿಲ್ಲ.

ಹಾಗಾದರೆ ವಾಷಿಂಗ್ಟನ್ನಿನ ಗದ್ಯ? ಅದು ಒಣಗಿದೆ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. 1986ರಲ್ಲಿ ರಾಜ್ಯಪಾಲ ಹುದ್ದೆಗೆ, 1988ರಲ್ಲಿ ಸಂಸತ್ತಿಗೆ ನಿಂತು ಸೋತ ಸ್ಯಾಂಡರ್ಸ್ 1990ರಲ್ಲಿ ಪೀಟರ್ ಸ್ಮಿತ್ ಅವರನ್ನು ಸೋಲಿಸಿ ಪಕ್ಷೇತರರಾಗಿ ಗೆದ್ದರು. ಆ ಗೆಲುವಿನಲ್ಲೂ ಒಂದು ಮುಳ್ಳಿದೆ. ಸ್ಮಿತ್ ಕೆಲವು ಬಗೆಯ ಬಂದೂಕುಗಳ ನಿಷೇಧವನ್ನು ಬೆಂಬಲಿಸಿದ್ದರಿಂದ ಬಂದೂಕು ಪರ ಸಂಘಟನೆ ಅವರ ವಿರುದ್ಧ ಪ್ರಚಾರ ಮಾಡಿತ್ತು. ಬಂದೂಕು ಕೊಳ್ಳುವವರ ತಪಾಸಣೆಯನ್ನು ಕಡ್ಡಾಯ ಮಾಡಿದ 1993ರ ಬ್ರೇಡಿ ಮಸೂದೆಗೆ ಸ್ಯಾಂಡರ್ಸ್ ವಿರುದ್ಧವಾಗಿ ಮತ ಹಾಕಿದರು. ಬೇಟೆಗಾರರ ರಾಜ್ಯದ ಪ್ರತಿನಿಧಿ ಎಂಬ ಸಮರ್ಥನೆ ಇತ್ತು. ಊರಿನ ಜನರ ಮಾತು ಕೇಳುವುದೇ ಇಲ್ಲಿ ದೇಶದ ಹಿತಕ್ಕೆ ಅಡ್ಡ ಬಂದದ್ದನ್ನೂ ಕಾಣಬೇಕು. ಸಣ್ಣ ಊರು ಯಾವಾಗಲೂ ಒಳ್ಳೆಯ ಗುರುವಲ್ಲ.

ಆದರೂ ಅವರು ಸಂಸತ್ತಿನಲ್ಲಿ ಮೇಯರ್ ಆದ ಕ್ಷಣಗಳಲ್ಲಿ ಮಾತಿಗೆ ಜೀವ ಮರಳುತ್ತದೆ. ಪುಸ್ತಕ ಬಂದ ಎರಡು ವರ್ಷಕ್ಕೆ, 1999ರಲ್ಲಿ, ಅವರು ವರ್ಮಾಂಟಿನ ಕೆಲವು ಮಹಿಳೆಯರನ್ನು ಬಸ್ಸಿನಲ್ಲಿ ಕರೆದುಕೊಂಡು ಗಡಿ ದಾಟಿ ಕೆನಡಾದ ಮಾಂಟ್ರಿಯಲ್‌ಗೆ ಹೋದರು. ಸ್ತನ ಕ್ಯಾನ್ಸರಿನ ಔಷಧ ಅಲ್ಲಿ ಹತ್ತನೇ ಒಂದು ಭಾಗದ ಬೆಲೆಗೆ ಸಿಕ್ಕಿತು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಔಷಧ ನೀತಿಯ ಬಗ್ಗೆ ಎಷ್ಟು ಅಂಕಿಗಳನ್ನು ಓದಿದರೂ ನನಗೆ ನೆನಪಿರುವುದು ಆ ಬಸ್ಸು.

2010ರ ಡಿಸೆಂಬರ್ 10ರಂದು ಸೆನೆಟ್‌ನಲ್ಲಿ ಅವರು ಎಂಟೂವರೆ ಗಂಟೆ ನಿಂತು ಮಾತಾಡಿದರು. ಶ್ರೀಮಂತರಿಗೂ ತೆರಿಗೆ ರಿಯಾಯಿತಿ ಮುಂದುವರಿಸುವ ಒಪ್ಪಂದವನ್ನು ವಿರೋಧಿಸುವ ಭಾಷಣ ಅದು. ಐದು ದಿನಗಳ ನಂತರ ಮಸೂದೆ 81–19 ಮತಗಳಿಂದ ಪಾಸಾಯಿತು. ಸೋತ ಭಾಷಣ 2011ರಲ್ಲಿ ‘ದ ಸ್ಪೀಚ್’ ಎಂಬ ಪುಸ್ತಕವಾಯಿತು. ಓದಲು ಕಷ್ಟದ ಪುಸ್ತಕ, ಹೇಳಿದ್ದನ್ನೇ ಹೇಳುತ್ತದೆ. ಆದರೆ ನಡುವೆ ಸ್ಯಾಂಡರ್ಸ್ ತಮಗೆ ಬಂದ ವರ್ಮಾಂಟ್ ಜನರ ಪತ್ರಗಳನ್ನು ಓದುತ್ತಾರೆ. ಕೆಲಸ, ಮನೆಯ ಖರ್ಚು, ಮಕ್ಕಳ ಭವಿಷ್ಯ ಎಂಬ ಸಾಮಾನ್ಯ ಚಿಂತೆಗಳು. ಡೆಬ್ಸ್ ಮಾತನ್ನು ತನ್ನ ದನಿಯಲ್ಲಿ ಓದಿದ ಮನುಷ್ಯ ಮೂವತ್ತು ವರ್ಷಗಳ ಮೇಲೆ ಅಂಚೆಯಲ್ಲಿ ಬಂದ ಮಾತನ್ನು ಅದೇ ದನಿಯಲ್ಲಿ ಓದುತ್ತಿದ್ದಾರೆ. ಆಗ ನನಗೆ ಅವರ ಪುನರುಕ್ತಿಯ ಗುಟ್ಟು ತಿಳಿಯಿತು. ಲೇಖಕನಿಗೆ ಪುನರುಕ್ತಿ ದೋಷ. ಹರಿಕಥೆ ದಾಸರಿಗೆ ಪಲ್ಲವಿ ದೋಷವಲ್ಲ, ತಡವಾಗಿ ಬಂದು ಹಿಂದೆ ಕೂತವನಿಗೂ ಕಥೆ ತಲುಪಲೆಂದು ಅದು ಮರಳುತ್ತದೆ. ಸ್ಯಾಂಡರ್ಸ್ ಪುಸ್ತಕಗಳನ್ನು ಕಣ್ಣಿಗಿಂತ ಕಿವಿಯಿಂದ ಓದಬೇಕು. ಹಾಗೆ ಓದಿದರೂ ಎಲ್ಲ ಪುಟಗಳೂ ಉಳಿಯುವುದಿಲ್ಲ. ಉಳಿಯುವ ಪುಟಗಳಲ್ಲಿ ಯಾರಾದರೂ ಒಬ್ಬ ಮನುಷ್ಯ ಇರುತ್ತಾನೆ.

ಕೊನೆಗೆ ನಮ್ಮ ಕಡೆಗೆ ಒಂದು ಮಾತು. ಬರ್ಲಿಂಗ್ಟನ್ನಿನಲ್ಲಿ ಸ್ಯಾಂಡರ್ಸ್‌ಗೆ ಸಿಕ್ಕಿದ್ದು ಎರಡೆರಡು ವರ್ಷದ ನಾಲ್ಕು ಅವಧಿ, ಒಟ್ಟು ಎಂಟು ವರ್ಷ. ನಮ್ಮ ಮಹಾನಗರ ಪಾಲಿಕೆಗಳಲ್ಲಿ ಮೇಯರ್ ಅವಧಿ ಒಂದು ವರ್ಷ ಎಂದೇ ನಡೆದುಬಂದಿದೆ. ಹಾರ ಹಾಕಿಸಿಕೊಂಡು, ಕಡತ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತು. ನಮ್ಮ ಸಾಹಿತ್ಯದಲ್ಲೂ ಹಳ್ಳಿಯ ಪಂಚಾಯಿತಿ ಕಟ್ಟೆ ಇದೆ, ವಿಧಾನಸೌಧದ ಮೆಟ್ಟಿಲಿದೆ, ನಡುವಿನ ಪುರಸಭೆ ಮಾತ್ರ ನನ್ನ ಓದಿನಲ್ಲಿ ಅಪರೂಪಕ್ಕೂ ಸಿಕ್ಕಿಲ್ಲ. ನಳದ ನೀರು, ಖಾತೆ ಬದಲಾವಣೆ, ಕಸದ ಗಾಡಿ, ಸಂತೆ ಮೈದಾನದ ಹರಾಜು ಇವುಗಳ ನಡುವೆ ಒಬ್ಬ ಮನುಷ್ಯನ ಆದರ್ಶ ಹೇಗೆ ಬಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಕಥೆಯನ್ನು ಯಾರೂ ಬರೆದುಕೊಂಡಂತಿಲ್ಲ.

ಬರೆದರೆ ಅದು ಸ್ಯಾಂಡರ್ಸ್ ಪುಸ್ತಕದ ಹಾಗೆ ಇರಬೇಕಿಲ್ಲ. ಅವರು ಬಿಟ್ಟುಹೋದ ಕಾರ್ಖಾನೆಯ ಗೇಟಿನ ಬಳಿ ನಿಂತು ಶುರುಮಾಡಬಹುದು. ಗೇಟಿನ ಎರಡೂ ಬದಿಯಲ್ಲಿ ನಮ್ಮವರೇ ಇರುವಾಗ ಪುರಸಭಾಧ್ಯಕ್ಷರು ಏನು ಮಾಡಿದರು, ಆ ರಾತ್ರಿ ಅವರಿಗೆ ನಿದ್ದೆ ಬಂತೇ ಎಂಬಲ್ಲಿಂದ.